ಮೊಂಬಾಸಾ ಪೇಟೆಗೆ ಹೋಗುವ ದಾರಿ

ಮೊಂಬಾಸಾದ ವಿಮಾನ ನಿಲ್ದಾಣದಿಂದ ಪೇಟೆಗೆ ಹೋಗುವ ದಾರಿ ಸವಾದ್‌ಗೆ ಬಾಯಿಪಾಠ. ಆ ಊರಿಗೆ ಒಮ್ಮೆಯೂ ಕಾಲಿಟ್ಟವನಲ್ಲ. ಉಳ್ಳಾಲದವನು, ದುಬೈಯ ಗೋದಾಮೊಂದರಲ್ಲಿ ಭಾರ ಎತ್ತುವ ಫೋರ್ಕ್‌ಲಿಫ್ಟ್ ಗಾಡಿ ಓಡಿಸುತ್ತಾನೆ. ದಾರಿ ಕಲಿಸಿದ್ದು ಅಲ್ಲೇ ಸರಕು ಜೋಡಿಸುತ್ತಿದ್ದ ಮೊಂಬಾಸಾದ ಅತುಮಾನಿ. ಇಬ್ಬರ ನಡುವೆ ಓಡುತ್ತಿದ್ದದ್ದು ಮುರುಕು ಹಿಂದಿ. ಮಧ್ಯಾಹ್ನ ಬುತ್ತಿ ಬಿಚ್ಚಿದರೆ ಸಾಕು, ಅತುಮಾನಿ ಮಾತಿನಲ್ಲೇ ಊರಿಗೆ ಹೊರಟುಬಿಡುತ್ತಿದ್ದ.

"ಒಳಗಿನ ಟ್ಯಾಕ್ಸಿಯವನ ಮುಖ ಕೂಡ ನೋಡಬೇಡ, ದೋಚ್ತಾನೆ. ಗೇಟು ದಾಟಿ ನಡಿ. ಮಟಾಟು ಬರ್ತದೆ, ನಮ್ಮ ವ್ಯಾನು. ನಿಲ್ಲುದಿಲ್ಲ, ಓಡಿ ಹತ್ತು. ಚಂಗಾಮ್ವೆ ಆದ ಮೇಲೆ ಎರಡೂ ಕಡೆ ನೀರು, ಆಚೆ ದಡವೇ ಪೇಟೆ."

"ಮಂಗಳೂರಿನ ಸಿಟಿ ಬಸ್ಸನ್ನು ಓಡಿ ಹತ್ತಿದವನಿಗೆ ನೀನು ಕಲಿಸುದಾ?" ಎಂದು ಸವಾದ್ ನಗುತ್ತಿದ್ದ.

ಒಂದು ದಿನ ಅತುಮಾನಿ ಸರಕಿನ ಹಿಂದೆ ಬಗ್ಗಿ, ಸಿಕ್ಕಿಕೊಂಡ ಹಗ್ಗ ಬಿಡಿಸುತ್ತಿದ್ದ. ಸವಾದ್ ಗಾಡಿ ಶುರು ಮಾಡಿದ್ದು ಕೇಳಿ "ಬಾಡೊ! ಬಾಡೊ!" ಎಂದು ಕಿರುಚಿದ. ಅವನ ಸ್ವಾಹಿಲಿಯಲ್ಲಿ ಅದು 'ಇನ್ನೂ ಆಗಿಲ್ಲ, ತಡೆ'. ಪ್ರಾಣಕ್ಕೆ ಬಂದಾಗ ಬಾಯಿಗೆ ಬರುವುದು ತಾಯಿಯ ಭಾಷೆಯೇ. ಆ ಗದ್ದಲದಲ್ಲಿ ಸವಾದ್‌ಗೆ ಕೇಳಿಸಿದ್ದು ಹಿಂದಿಯ 'ಬಢೋ', ಮುಂದೆ ಹೋಗು. ಹೋದ. ಅತುಮಾನಿಯ ಬಲಗಾಲು ಮೊಣಕಾಲಿನಿಂದ ಕೆಳಗೆ ಉಳಿಯಲಿಲ್ಲ.

ಸೂಪರ್‌ವೈಸರ್ ಶಾಮಸುಂದರ ಎಲ್ಲರನ್ನೂ ನಿಲ್ಲಿಸಿ, "ಅವನು ನಿಲ್ಲಬಾರದ ಜಾಗದಲ್ಲಿ ನಿಂತದ್ದು. ಹೌದಲ್ವಾ?" ಎಂದು ಕೇಳಿದ. ಸವಾದ್ ನೆಲ ನೋಡಿದ. ಊರಲ್ಲಿ ಹೆಂಡತಿ ಮುನೀರಾ ಬಸುರಿ, ಇಲ್ಲಿ ಬಾಯಿ ಬಿಟ್ಟವನು ಮೊದಲ ವಿಮಾನ ಹತ್ತುತ್ತಾನೆ. ಕಾರಣಗಳಿಗೇನು ಬರ? ಸುಮ್ಮನಿದ್ದ. ಕಂಪನಿಗೆ ಬೇಕಾದದ್ದೂ ಅಷ್ಟೇ. ತಪ್ಪು ಕಾಲು ಕಳೆದುಕೊಂಡವನದೇ ಎಂದಾಯಿತು, ಪರಿಹಾರದ ಬದಲು ಅವನ ಕೈಗೆ ಊರಿನ ಟಿಕೆಟ್ ಬಂತು.

ಹೊರಡುವ ಬೆಳಿಗ್ಗೆ ದುಬೈ ವಿಮಾನ ನಿಲ್ದಾಣಕ್ಕೆ ಸವಾದ್‌ನೇ ಕರೆದುಕೊಂಡು ಹೋದ. ಗಾಲಿಕುರ್ಚಿಯಲ್ಲಿ ಕುಳಿತ ಅತುಮಾನಿ ಊರುಗೋಲನ್ನು ಮಡಿಲಲ್ಲಿಟ್ಟುಕೊಂಡು, "ಓಡಿ ಹತ್ತು ಅಂತ ನಿನಗೆ ದಿನಾ ಹೇಳ್ತಿದ್ದೆ. ಈಗ ನಾನು ಹೇಗೆ ಹತ್ತುದು, ಹೇಳು?" ಎಂದ.

"ಮನೆಯವರು ಬರ್ತಾರಲ್ಲ?"

"ಮನೆಗೆ ಹೇಳಲಿಲ್ಲ. ಕಾಲು ಹೋದದ್ದು ಫೋನಲ್ಲಿ ಹೇಳುದಾ, ಅಮ್ಮನಿಗೆ?"

ಸವಾದ್‌ಗೆ ಒಳಗೊಳಗೇ ಖುಷಿಯಾಯಿತು. ಕೊನೆಗೂ ತನ್ನಿಂದಾಗುವ ಕೆಲಸವೊಂದು ಸಿಕ್ಕಿತ್ತು. ಅತುಮಾನಿ ಒಳಗೆ ಹೋದ ಮೇಲೆ ದುಬೈಯದೇ ದೇರಾದ ವ್ಯಾಪಾರಿ ಉಮ್ಮರಬ್ಬನಿಗೆ ಫೋನ್ ಮಾಡಿದ. ಮೊಂಬಾಸಾಕ್ಕೆ ಹಳೆ ಟಯರು ಕಳಿಸುವ ಆ ಮುದುಕನಿಗೆ ಅಲ್ಲಿ ಒಬ್ಬ ಆಳಿದ್ದ.

"ಕಾಕಾ, ನಿಮ್ಮವನನ್ನು ಅಲ್ಲಿ ಏರ್‌ಪೋರ್ಟಿಗೆ ಕಳಿಸ್ಬೇಕು. ಇವತ್ತು ಬಂದಿಳಿಯುವ ಒಬ್ಬನಿಗೆ ಒಂದು ಕಾಲಿಲ್ಲ. ಪೇಟೆಯಲ್ಲಿರುವ ಮನೆಯವರೆಗೆ ಬಿಟ್ಟರೆ ಆಯ್ತು."

"ಟಯರು ಸಾಗಿಸ್ತೇನೆ ಅಂತ ಮನುಷ್ಯರನ್ನೂ ನನ್ನ ತಲೆಗೆ ಕಟ್ತೀಯ ಮಾರಾಯ! ಆಯ್ತು, ಗಾಡಿ ತಕೊಂಡು ಹೋಗ್ತಾನೆ. ಹೆಸರು ಹೇಳು, ಬೋರ್ಡು ಹಿಡಿಲಿಕ್ಕೆ."

"ಉಸ್ಮಾನ್."

ಗೋದಾಮಿನಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ಹಾಗೆಯೇ. ಅತುಮಾನಿ ಎನ್ನಲು ಯಾರ ನಾಲಿಗೆಗೂ ಪುರುಸೊತ್ತಿರಲಿಲ್ಲ. ಸವಾದ್ ಅದೇ ಹೆಸರನ್ನು ಕೊಟ್ಟ.

ಸಂಜೆ ಉಮ್ಮರಬ್ಬ ಫೋನಿನಲ್ಲೇ ಉರಿದುಬಿದ್ದ. "ಎಂಥದು ನಿಂದು ಕಥೆ? ನಮ್ಮವನು ಬೋರ್ಡು ಹಿಡಿದು ನಿಂತು ನಿಂತು ಬೇರು ಬಿಟ್ಟ! ಊರುಗೋಲಿನವನೊಬ್ಬ ಬೋರ್ಡು ಓದಿ ಮುಂದೆ ಹೋದನಂತೆ. ಇವನು ಕೂಗಿ ಕೇಳಿದ್ದಕ್ಕೆ, ಉಸ್ಮಾನ್ ನಾನಲ್ಲ ಅಂದನಂತೆ."

ಸವಾದ್ ಅತುಮಾನಿಯ ಊರಿನ ನಂಬರಿಗೆ ಕರೆ ಮಾಡಿದ. ಹೆಂಗಸರ ಮಾತು, ಮಗುವಿನ ಅಳು. ನಡುವೆ ಅತುಮಾನಿ.

"ಹೇಗೆ ಹೋದಿ?"

"ಕುಂಟಿಕೊಂಡು ಗೇಟಿನವರೆಗೆ. ಎರಡು ಮಟಾಟು ನಿಲ್ಲಲಿಲ್ಲ. ಮೂರನೆಯವನು ನಿಲ್ಲಿಸಿದ. ಮೂಟೆ ಎತ್ತುವ ಹಾಗೆ ಎತ್ತಿ ಹಾಕಿದರು."

"ನಾನು ಗಾಡಿ ಕಳಿಸಿದ್ದೆ. ಆ ಬೋರ್ಡು ನಿನಗೇ."

"ಉಸ್ಮಾನ್ ಅಂತ ಕರೆಯುದು ಅಲ್ಲಿ ಮಾತ್ರ. ಇಲ್ಲಿ ನಂಗೆ ಬೋರ್ಡು ಹಿಡಿಯುವವರು ಯಾರು ಅಂತ ನಾನು ಬಂದುಬಿಟ್ಟೆ," ಎಂದ ಅತುಮಾನಿ. ಆಮೇಲೆ ದನಿ ತಗ್ಗಿಸಿದ. "ಸವಾದ್, ಇನ್ನು ಫೋನ್ ಮಾಡಬೇಡ. ಕಾಲಿಗೆ ಹೀಗೆ ಯಾರು ಮಾಡಿದ್ದು ಅಂತ ಅಮ್ಮ ಕೇಳ್ತಾ ಇದ್ದಾಳೆ. ಮೆಷಿನ್ ಅಂದಿದ್ದೇನೆ. ನಿನ್ನ ಸ್ವರ ಕೇಳ್ತಾ ಇದ್ದರೆ ನನಗೆ ಹಾಗೆ ಹೇಳಲಿಕ್ಕೆ ಆಗುದಿಲ್ಲ."

ಮರುದಿನ ಸವಾದ್ ಶಾಮಸುಂದರನ ಕ್ಯಾಬಿನ್ನಿಗೆ ನುಗ್ಗಿದ. "ಸಾರ್, ಆವತ್ತು ತಪ್ಪು ನಂದು. ಅವನು ತಡೆ ಅಂದ, ನಾನು ಹೋದೆ."

ಶಾಮಸುಂದರ ಕತ್ತೆತ್ತಿ ನೋಡಿ, ಎದ್ದು ಕ್ಯಾಬಿನ್ನಿನ ಬಾಗಿಲು ಮುಚ್ಚಿದ.

"ಅವನು ಇಲ್ಲಿದ್ದಾಗ ಹೇಳಿದ್ದರೆ ಅದಕ್ಕೊಂದು ಬೆಲೆ ಇತ್ತೋ ಏನೋ. ಈಗ ಖಲಾಸ್. ಯಾರಿಗೆ ಬೇಕು ನಿನ್ನ ತಪ್ಪು? ಹೋಗು, ಕಂಟೇನರ್ ಬಂದು ನಿಂತಿದೆ."

ಸವಾದ್ ಬಾಗಿಲು ತೆಗೆದ. ಹೊರಗಿನಿಂದ ಯಾರೋ ಅವನ ಹೆಸರು ಹಿಡಿದು ಕೂಗಿದರು. ಹೋಗಿ ಗಾಡಿ ಹತ್ತಿದ.