ಸೊಪ್ಪಕ್ಕ ಇಳಿಸಿದ ಪಾತ್ರೆ

ಆಸ್ಪತ್ರೆಯ ಲಾಂಡ್ರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಹಾಸಿಗೆ ಬಟ್ಟೆ ಒಗೆಯುತ್ತಿದ್ದ ಅವಳನ್ನು ಹೆಸರು ಹಿಡಿದು ಕರೆಯುತ್ತಿದ್ದವನು ಸಂಬಳದ ಗುಮಾಸ್ತ ಒಬ್ಬನೇ. ಮಿಕ್ಕವರಿಗೆಲ್ಲ ಅವಳು ಸೊಪ್ಪಕ್ಕ. ಬೆಳಿಗ್ಗೆ ರೈಲು ಹಳಿಯ ಪಕ್ಕದ ಕಾಲುದಾರಿ ಹಿಡಿದು ಬರುವಳು. ಆಸ್ಪತ್ರೆಯ ಗೇಟು ಮುಟ್ಟುವಷ್ಟರಲ್ಲಿ ಬಟ್ಟೆಯ ಚೀಲ ಅರ್ಧ ತುಂಬಿರುತ್ತಿತ್ತು. ಕಾಡುದಂಟು, ಗೋಣಿಸೊಪ್ಪು, ಬೇಲಿಯ ಮೇಲಿನ ಹಣ್ಣು, ಯಾವ ಕಾಲಕ್ಕೆ ಯಾವುದೋ ಅದು. ತರಕಾರಿ ಅಂಗಡಿಯ ಮೆಟ್ಟಿಲು ಹತ್ತುತ್ತಿದ್ದದ್ದು ಈರುಳ್ಳಿ, ಆಲೂಗಡ್ಡೆಗೆ ಮಾತ್ರ.

ವಿದ್ಯೆ ಮಾವನದು. ರೈಲ್ವೆಯಲ್ಲಿ ಹಳಿ ನೋಡುತ್ತ ದಿನವಿಡೀ ನಡೆದ ಮನುಷ್ಯ. ನಿವೃತ್ತರಾದ ಮೇಲೂ ಕಾಲು ಸುಮ್ಮನಿರಲಿಲ್ಲ. ಹೊಸ ಸೊಸೆಯನ್ನು ಜೊತೆಗೆ ಕರೆದುಕೊಂಡು ಹೊರಡುವರು, ಎಲೆಯೊಂದನ್ನು ಅಂಗೈಗಿಟ್ಟು "ಮೂಸು, ಏನನ್ಸುತ್ತೆ ಹೇಳು" ಎನ್ನುವರು. ಒಂದು ಗಿಡವನ್ನು ಚಿಗುರಿನಿಂದ ಬೀಜದವರೆಗೆ ನೋಡಿ ಗುರುತು ಹಿಡಿಯುವ ತನಕ ಬಾಯಿಗಿಡಲು ಬಿಡುತ್ತಿರಲಿಲ್ಲ. ಅಣಬೆಯ ಪಾಠವಂತೂ ಮೂರು ಮಳೆಗಾಲ ನಡೆಯಿತು. "ಅಣಬೆ ವಿಷಯದಲ್ಲಿ ಅವಸರ ಮಾಡ್ದೋರು ಎರಡನೇ ಸಲ ಅವಸರ ಮಾಡೋಕೆ ಉಳಿಯಲ್ಲಮ್ಮ" ಎಂದು ನಗುತ್ತಲೇ ಹೇಳುತ್ತಿದ್ದರು.

ಸೊಪ್ಪಕ್ಕನ ಗಂಡ ಕ್ಷೌರದಂಗಡಿಯವನು. "ನಾನು ಬಂದೋರ ತಲೆ ಬೋಳಿಸ್ತೀನಿ, ನೀನು ಇಡೀ ಊರಿನ ತಲೆ ಬೋಳಿಸ್ತಿದೀಯ" ಎಂದು ರೇಗಿಸುವನು. ಹಾಗೆನ್ನುತ್ತಲೇ ತಟ್ಟೆ ಮುಂದೆ ಚಾಚಿ ಇನ್ನಷ್ಟು ಹಾಕಿಸಿಕೊಳ್ಳುವನು.

ಆಸ್ಪತ್ರೆ ಕ್ಯಾಂಟೀನಿನ ಹಿರಿಯ ಅಡುಗೆಯವನ ಬಾಯಿ ಮಾತ್ರ ಚುರುಕು.

"ಏನ್ ಸೊಪ್ಪಕ್ಕ, ಇವತ್ತು ಹಸುಗಳಿಗೆ ಏನಾದ್ರೂ ಉಳಿಸಿದ್ಯೋ?"

"ನಿಮ್ ಪಾಲು ಹಾಗೇ ಬಿಟ್ಟು ಬಂದಿದೀನಿ. ಬಿಡುವಾದಾಗ ಹೋಗಿ ಮೇಯ್ಕೊಂಡು ಬನ್ನಿ."

ಆ ವರ್ಷ ವಾರವಿಡೀ ಮಳೆ ಸುರಿದು ನಿಂತಿತು. ಒಗೆದ ಏಪ್ರನ್ನುಗಳ ಗಂಟು ಹೊತ್ತು ಸೊಪ್ಪಕ್ಕ ಕ್ಯಾಂಟೀನಿಗೆ ಹೋದಾಗ ದೊಡ್ಡ ಪಾತ್ರೆಯಲ್ಲಿ ಈರುಳ್ಳಿ ಬಾಡುತ್ತಿತ್ತು. ಹಲಗೆಯ ಮೇಲೆ ಹೆಚ್ಚಿದ ಬಿಳಿ ಅಣಬೆಯ ರಾಶಿ. ಪಕ್ಕದ ಬುಟ್ಟಿಯಲ್ಲಿ ಹೆಚ್ಚದವು ಇನ್ನೂ ಒಂದಷ್ಟು.

"ಎಕ್ಸ್‌ರೇ ಕಟ್ಟಡದ ಹಿಂದೆ ಎದ್ದಿದ್ವು. ಆರಿಸೋಕೆ ನಿನಗೊಬ್ಬಳಿಗೇ ಬರುತ್ತೆ ಅನ್ಕೊಂಡ್ಯಾ? ಮಧ್ಯಾಹ್ನ ಸಿಬ್ಬಂದಿಗೆಲ್ಲ ಇದೇ ಊಟ," ಎಂದ ಅಡುಗೆಯವನು, ಒಂದು ಹಿಡಿ ಅಣಬೆಯನ್ನು ಪಾತ್ರೆಗೆ ಸುರಿಯುತ್ತ.

ಅವಳು ಬುಟ್ಟಿಯಿಂದ ಒಂದನ್ನೆತ್ತಿ ಮಗುಚಿ ನೋಡಿದಳು. ಕೊಡೆಯ ಅಡಿಯ ಪದರಗಳು ಹಾಲಿನಷ್ಟು ಬಿಳುಪು. ಕಾಂಡದ ಸುತ್ತ ತೆಳ್ಳನೆಯ ಉಂಗುರ. ಬುಡ ಇರಲಿಲ್ಲ, ಚಾಕುವಿನಲ್ಲಿ ನೆಲಮಟ್ಟಕ್ಕೆ ಕೊಯ್ದಿದ್ದ.

"ಒಲೆ ಆರಿಸಿ."

"ಯಾಕಂತೆ? ಅಂಗಡೀಲಿ ಪ್ಯಾಕೆಟ್ಟಲ್ಲಿ ಬರೋದೂ ಹೀಗೇ ಇರುತ್ತೆ."

ಮಾತಿಗೆ ಮಾತು ಬೆಳೆಸುವ ಹೊತ್ತಲ್ಲ ಅದು. ಅವಳು ಕೈಚಾಚಿ ಗ್ಯಾಸ್ ನಿಲ್ಲಿಸಿ, ಏಪ್ರನ್ನೊಂದನ್ನು ಮಡಿಸಿ ಹಿಡಿದು, ಪಾತ್ರೆಯನ್ನು ದಡಕ್ಕನೆ ನೆಲಕ್ಕಿಳಿಸಿದಳು.

"ಬಟ್ಟೆ ಒಗೆಯೋಳು ನನಗೆ ಅಡುಗೆ ಹೇಳಿಕೊಡ್ತೀಯಾ?" ಅಡುಗೆಯವನು ಕೂಗಾಡಿದ. ಹೊರಗೆ ಚಹಾ ಕುಡಿಯುತ್ತಿದ್ದವರು ಇಣುಕಿದರು. ಸೊಪ್ಪಕ್ಕನ ಕಿವಿ ಬಿಸಿಯಾಯಿತು, ದನಿ ಮಾತ್ರ ಅಲ್ಲಾಡಲಿಲ್ಲ.

"ಬೈಯೋದಿದ್ರೆ ಆಮೇಲೆ ಹೊಟ್ಟೆ ತುಂಬ ಬೈಯಿರಿ. ಈಗ ನನ್ ಜೊತೆ ಬನ್ನಿ."

ಎಕ್ಸ್‌ರೇ ಕಟ್ಟಡದ ಹಿಂದೆ ಒದ್ದೆ ಹುಲ್ಲಿನ ಮೇಲೆ ಮಂಡಿಯೂರಿ, ಚಮಚದಿಂದ ಸುತ್ತ ಮಣ್ಣು ಬಿಡಿಸಿ, ಉಳಿದಿದ್ದ ಅಣಬೆಯೊಂದನ್ನು ಬುಡಸಮೇತ ಎತ್ತಿದಳು. ಕಾಂಡದ ತುದಿ ಒಡೆದ ಮೊಟ್ಟೆಯ ಚಿಪ್ಪಿನಂಥ ಬಿಳಿ ಬಟ್ಟಲೊಂದರಲ್ಲಿ ಕೂತಿತ್ತು.

"ಇದನ್ನ ನೀವು ಮಣ್ಣಲ್ಲೇ ಬಿಟ್ಟು ಬಂದ್ರಿ. ಈ ಬಟ್ಟಲು ಕಂಡ್ರೆ ನಮ್ಮ ಮಾವ ಹತ್ತಿರಾನೂ ಸುಳೀತಿರಲಿಲ್ಲ."

ಅವನು ಬಗ್ಗಿ ಆ ಬಟ್ಟಲನ್ನು ನೋಡಿದ. ಆಮೇಲೆ ತಾನೇ ಬುಟ್ಟಿಯನ್ನು ಡ್ಯೂಟಿ ಡಾಕ್ಟರಮ್ಮನ ಹತ್ತಿರ ಒಯ್ದ.

ಡಾಕ್ಟರಮ್ಮ ಅದನ್ನು ಕೃಷಿ ಕಾಲೇಜಿಗೆ ಕಳಿಸಿದರು. ಮರುದಿನ ಉತ್ತರ ಬಂತು: ಪ್ರಾಣ ತೆಗೆಯುವ ಜಾತಿ, ಎಷ್ಟು ಬೇಯಿಸಿದರೂ ವಿಷ ಹೋಗುವುದಿಲ್ಲ, ತಿಂದವರಿಗೆ ಗೊತ್ತಾಗುವ ಹೊತ್ತಿಗೆ ಪಿತ್ತಜನಕಾಂಗ ಕೆಟ್ಟಿರುತ್ತದೆ. ಆ ಮಧ್ಯಾಹ್ನ ಉಣ್ಣಬೇಕಿದ್ದವರು ನಲವತ್ತು ಜನ. ಡಾಕ್ಟರಮ್ಮನೂ ಅವರಲ್ಲೊಬ್ಬರು.

ಅಡುಗೆಯವನು ಕ್ಷಮೆ ಗಿಮೆ ಕೇಳಲಿಲ್ಲ. ಲಾಂಡ್ರಿಗೆ ಬಂದು ಇಸ್ತ್ರಿ ಮೇಜಿನ ಮೇಲೆ ಒಂದು ಲೋಟ ಚಹಾ ಇಟ್ಟು, "ಬಿಸಿ ಇದೆ, ಕುಡೀರಿ" ಎಂದು ಹೊರಟುಹೋದ. 'ಕುಡೀರಿ' ಎಂದದ್ದನ್ನು ಸೊಪ್ಪಕ್ಕ ಗಮನಿಸದೆ ಇರಲಿಲ್ಲ.

ಆಸ್ಪತ್ರೆಯ ಮುಖ್ಯಸ್ಥರಿಂದ ಕರೆ ಬಂದಾಗ, ಅಡುಗೆಮನೆಗೆ ಕೈ ಹಾಕಿದ್ದಕ್ಕೆ ಬೈಗುಳ ಖಾತ್ರಿ ಎಂದುಕೊಂಡೇ ಹೋದಳು. ಅವರು ಕುರ್ಚಿಯಿಂದ ಎದ್ದು ನಿಂತರು. ಭಾನುವಾರಗಳಂದು ಸಿಬ್ಬಂದಿಗೆ ಗಿಡ ಗುರುತಿಸುವುದನ್ನು ಕಲಿಸಿಕೊಡಬೇಕೆಂದು ಕೇಳಿ, ಬರೆದಿಟ್ಟಿದ್ದ ನೋಟೀಸನ್ನು ಮುಂದಿಟ್ಟರು. 'ಲಾಂಡ್ರಿ ಕೆಲಸದಾಕೆ ಮಾಹಿತಿ ನೀಡುವರು' ಎಂದಿತ್ತು.

ಸೊಪ್ಪಕ್ಕ ಎರಡು ಸಲ ಓದಿದಳು.

"ಸಾರ್, 'ಕಲಿಸುವರು' ಅಂತ ಹಾಕಿ. ಮಾಹಿತಿ ಅನ್ನೋದನ್ನ ಔಷಧಿ ಪೆಟ್ಟಿಗೆ ಮೇಲೂ ಅಂಟಿಸಿರ್ತಾರೆ. ಲಾಂಡ್ರಿ ಅನ್ನೋದು ಹಾಗೇ ಇರಲಿ, ಅದೇನು ಮುಚ್ಚಿಡೋ ವಿಷಯ ಅಲ್ಲ."

ಮುಖ್ಯಸ್ಥರು ಪೆನ್ನು ತೆಗೆದು ತಿದ್ದಿದರು.

ಮೊದಲ ಭಾನುವಾರ ಹದಿನಾಲ್ಕು ಜನ ಬಂದರು. ಅಡುಗೆಯವನು ನೋಟ್‌ಬುಕ್ ಹಿಡಿದು ಎಲ್ಲರಿಗಿಂತ ಮುಂದೆ. ಸೊಪ್ಪಕ್ಕ ಇಸ್ತ್ರಿ ಮಾಡಿದ ಸೀರೆ ಉಟ್ಟು, ಬೆನ್ನು ನೆಟ್ಟಗೆ ಮಾಡಿ, ಡಾಕ್ಟರಮ್ಮನನ್ನೂ ಸೇರಿಸಿ ಅಷ್ಟೂ ಜನರನ್ನು ಹಳಿಯ ಪಕ್ಕದಲ್ಲಿ ಮಂಡಿಯೂರಿಸಿದಳು.

"ಇವತ್ತು ಯಾರೂ ಏನೂ ಕೀಳೋ ಹಾಗಿಲ್ಲ," ಎಂದಳು. "ಬರೀ ನೋಡಿ."