ಯಲ್ಲವ್ವನ ಹೊಲದಲ್ಲಿ ಡೈನೊಸಾರ್ ಹೆಜ್ಜೆ

ಗೆಳೆಯರೇ, ಇವತ್ತೊಂದು ಎಡವಟ್ಟು ಮಾಡಿಕೊಂಡಿದ್ದೇನೆ. ಡೈನೊಸಾರ್ ಎಷ್ಟು ದೊಡ್ಡದಿತ್ತೆಂದು ತೋರಿಸಲು ಬೆಳಿಗ್ಗೆ ನಾನೂ ಓಣಿಯ ಮಕ್ಕಳೂ ಪ್ಲೈವುಡ್‌ನಲ್ಲಿ ಮೂರು ಬೆರಳಿನ ಪಾದ ಕತ್ತರಿಸಿ, ನೆರೆಮನೆಯ ಯಲ್ಲವ್ವನ ಗೋವಿನಜೋಳದ ಹೊಲದ ಬದುವಿನ ಕೆಸರಿನಲ್ಲಿ ಸಾಲಾಗಿ ಒತ್ತಿದ್ದೆವು. ಮಧ್ಯಾಹ್ನ ಯಲ್ಲವ್ವ ಓಡಿ ಬಂದಳು.

"ಅಕ್ಕಾರ, ಆನಿ ಹೆಜ್ಜಿ ನಾ ಬಲ್ಲೆ. ಇದು ಯಾವ ಪ್ರಾಣಿರಿ? ಏನ್ ತಿಂತೈತಿ?"

"ಮಂದೀನ್ನ!" ಎಂದಳು ಏಳು ವರ್ಷದ ಸುಮಾ, ಖುಷಿಯಿಂದ.

ನಾನು ಗಾಬರಿಯಾಗಿ ಪ್ಲೈವುಡ್ ಪಾದ ತಂದು ತೋರಿಸಿದೆ, ತಪ್ಪಾಯಿತೆಂದೆ, ಹೆಜ್ಜೆಗಳನ್ನು ಅಳಿಸಲು ಹೊರಟೆ. ಯಲ್ಲವ್ವ ಅಡ್ಡ ನಿಂತಳು.

"ಅಳಸಬ್ಯಾಡ್ರಿ. ನಾನ ಅಂಜಿದೆ ಅಂದಮ್ಯಾಲ ಆನಿ ಅಂಜೂದಿಲ್ಲೇನು? ಹದಿನೈದು ದಿನಾ ಆತು, ಆನಿ ಬರ್ತಾವಂತ ಅಟ್ಟದ ಮ್ಯಾಲ ಕಾವಲ ಕುಂತು. ಇವತ್ತ ಮನ್ಯಾಗ ಮಲಗತೇನಿ."

ಎಷ್ಟು ಬೇಡಿಕೊಂಡರೂ ಕೇಳಲಿಲ್ಲ. ತೆನೆಗಳಲ್ಲಿ ಕಾಳು ತುಂಬುತ್ತಿದೆ. ನಿನ್ನೆಯಷ್ಟೇ ಹತ್ತಿರದ ಸಾಂಬ್ರಾಣಿ ಊರಿನ ಕಡೆ ಆನೆ ಬಂದಿತ್ತಂತೆ. ಅವಳ ಇಡೀ ವರ್ಷದ ಬೆಳೆಗೆ ಈಗ ನನ್ನ ಪ್ಲೈವುಡ್ ಪಾದವೇ ಕಾವಲು.

ಡೈನೊಸಾರ್‌ಗೆ ಹೆದರಬೇಕೆಂದು ಮಕ್ಕಳಿಗೆ ಗೊತ್ತು, ಯಲ್ಲವ್ವನಿಗೂ ಗೊತ್ತಾಯಿತು. ಆನೆಗೆ ಮಾತ್ರ ಯಾರೂ ಪಾಠ ಮಾಡಿಲ್ಲ.