ಅಕ್ಕನ ಒಲೆಯ ಬೆಂಡು

ಗೋವಿನಜೋಳದ ತೆನೆಯಿಂದ ಕಾಳು ಬಿಡಿಸಿದ ಮೇಲೆ ಉಳಿಯುವುದಕ್ಕೆ ನಮ್ಮ ಕಡೆ ಬೆಂಡು ಅನ್ನುತ್ತೇವೆ. ಹಗುರ ಇರುತ್ತದೆ. ಒಣಗಿದರೆ ತಟ್ಟನೆ ಬೆಂಕಿ ಹಿಡಿಯುತ್ತದೆ, ಹೊಗೆಯೂ ಕಡಿಮೆ. ಅದರಿಂದ ಕರೆಂಟು ತಯಾರಾಗುತ್ತದೆ ಎಂದು ಎರಡು ಸಾವಿರದ ಇಸವಿ ದಾಟುವ ತನಕ ನಮ್ಮ ಊರುಗಳಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಅದನ್ನು ಊರೂರಿಗೆ ಹೋಗಿ ಹೇಳುವುದೇ ನನ್ನ ನೌಕರಿ ಆಯಿತು.

ನಾನು ನಾಲ್ಕನೇ ಇಯತ್ತೆಗೆ ಸಾಲೆ ಬಿಟ್ಟವನು. ಗ್ಯಾರೇಜಿನಲ್ಲಿ ದುಡಿದೆ, ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ಚೀಲ ಹೊತ್ತೆ. ಮೀಸೆ ಬಂದು ಎಷ್ಟೋ ವರ್ಷಗಳಾದ ಮೇಲೆ ಹತ್ತನೇ ಪರೀಕ್ಷೆಗೆ ಹೊರಗಿನಿಂದ ಕೂತು ಪಾಸಾದೆ. ರಾಣೆಬೆನ್ನೂರಿನಲ್ಲಿ ಇದ್ದುಕೊಂಡು ಹಾವೇರಿಗೆ ಹೋಗಿಬಂದು ಟೈಪಿಂಗ್ ಕಲಿತೆ. ಆ ದಿನಗಳಲ್ಲಿ ನನ್ನ ಹೊಟ್ಟೆ ನೋಡಿಕೊಂಡವಳು ನನ್ನ ಅಕ್ಕ. ಗಂಡ ತೀರಿಕೊಂಡ ಮೇಲೆ ಅವಳು ಕುಪ್ಪೇಲೂರಿನ ಮನೆಯಲ್ಲಿ ಜೋಳದ ರೊಟ್ಟಿ ಬಡಿದು, ರಾಣೆಬೆನ್ನೂರಿನ ಒಂದು ಖಾನಾವಳಿಗೆ ಬೆಳಗಿನ ಬಸ್ಸಿನಲ್ಲಿ ಕಳಿಸುತ್ತಿದ್ದಳು. ಬುಟ್ಟಿಯ ಮೇಲೆ ಒಂದು ಸಣ್ಣ ಗಂಟು ಬೇರೆಯಾಗಿ ಇರುತ್ತಿತ್ತು. ಅದು ನನ್ನದು.

ಅವಳಿಗೆ ಹೊಲ ಇರಲಿಲ್ಲ. ಆದರೆ ಒಲೆಗೆ ಉರುವಲು ಎಂದೂ ಕಡಿಮೆ ಬಿದ್ದಿರಲಿಲ್ಲ. ಸುಗ್ಗಿಯಲ್ಲಿ ಗೋವಿನಜೋಳದ ರಾಶಿ ಮಶೀನು ಕಣಕ್ಕೆ ಬರುತ್ತದೆ. ಕಾಳು ಒಂದು ಕಡೆ ಬೀಳುತ್ತದೆ, ಬೆಂಡು ಇನ್ನೊಂದು ಕಡೆ ಗುಡ್ಡೆ ಬೀಳುತ್ತದೆ. ಹೊಲ ಇಲ್ಲದ ಹೆಣ್ಣುಮಕ್ಕಳು ಹೋಗಿ ಕಣ ಗುಡಿಸಿ, ಚೆಲ್ಲಿದ ಕಾಳು ಆರಿಸಿ ರೈತನಿಗೆ ಒಪ್ಪಿಸಿ, ಹೊರುವಷ್ಟು ಬೆಂಡು ಹೊತ್ತು ತರುತ್ತಿದ್ದರು. ಯಾರೂ ಕೇಳುತ್ತಿರಲಿಲ್ಲ, ಯಾರೂ ಕೊಡುತ್ತಲೂ ಇರಲಿಲ್ಲ. ಅದು ಹಾಗೇ ನಡೆದುಕೊಂಡು ಬಂದಿತ್ತು. ಉಳಿದ ಗುಡ್ಡೆಗೆ ರೈತರು ಅಲ್ಲೇ ಬೆಂಕಿ ಹಚ್ಚುತ್ತಿದ್ದರು.

ನಾನು ಸೇರಿದ ಕಂಪನಿ ಸಣ್ಣದು. ಬೆಳೆಯ ಉಳಿಕೆ ಸುಟ್ಟು ವಿದ್ಯುತ್ ಮಾಡುವುದು ಅದರ ಕೆಲಸ. ಗೇಟಿನ ಹತ್ತಿರ ಒಂದು ಫಲಕ ಇತ್ತು: ಹಸಿ ಮರ ಕೊಳ್ಳುವುದಿಲ್ಲ, ಮಕ್ಕಳಿಂದ ಲೋಡು ಮಾಡಿಸಿದ ಮಾಲು ಒಳಗೆ ಬಿಡುವುದಿಲ್ಲ, ದಲಾಲರಿಲ್ಲ, ದುಡ್ಡು ನೇರ ರೈತನ ಕೈಗೆ. ಆ ಫಲಕ ಓದಿದಾಗ ನನಗೆ ಎದೆ ಉಬ್ಬಿತ್ತು. ಇಷ್ಟು ವರ್ಷ ದುಡಿದ ಕಡೆಗಳಲ್ಲಿ ನ್ಯಾಯವನ್ನು ಹೀಗೆ ಬರೆದು ಹಚ್ಚಿದ್ದನ್ನು ನಾನು ನೋಡಿರಲಿಲ್ಲ. ಜಾಲಿ ಮರ ಕಡಿದು ಬೆಂಡಿನ ಕೆಳಗೆ ಮುಚ್ಚಿ ತಂದ ಟ್ರ್ಯಾಕ್ಟರನ್ನು ನಾನೇ ವಾಪಸ್ ಕಳಿಸಿದ್ದೇನೆ. ಒಮ್ಮೆ ಬ್ಯಾಡಗಿಯಿಂದ ಮೆಣಸಿನಕಾಯಿ ತೊಟ್ಟಿನ ಲೋಡು ಬಂದಿತ್ತು. ಒಲೆಗೆ ಹಾಕಿದ ಮೇಲೆ ಇಡೀ ಅಂಗಳ ಸೀನಿತು, ಮ್ಯಾನೇಜರೂ ಸೀನಿದರು. ಅಂದಿನಿಂದ ಅದೂ ಬಂದ್ ಆಯಿತು.

ಹೊಸರಿತ್ತಿ ಕಡೆಯಿಂದ ಕುಮಾರಪಟ್ಟಣದ ಕಡೆಯವರೆಗೆ ಎಲ್ಲ ಊರುಗಳ ಕಣದಲ್ಲೂ ನಿಂತು ನಾನು ಒಂದೇ ಮಾತು ಹೇಳುತ್ತಿದ್ದೆ: "ಸುಡೂ ಕಸ ನಮಗ ಕೊಡ್ರಿ, ರೊಕ್ಕ ತಗೋರಿ." ಕುಪ್ಪೇಲೂರಿನಲ್ಲೂ ಹೇಳಿದೆ. ಅಕ್ಕ ಗುಡಿಸುತ್ತಿದ್ದ ಕಣದಲ್ಲೇ ಹೇಳಿದೆ. ಅವಳು ಕಸಬರಿಗೆ ಹಿಡಿದು ನಿಂತು, ತಮ್ಮ ನಾಲ್ಕು ಜನರ ಮುಂದೆ ಮಾತಾಡುವುದನ್ನು ನೋಡಿ ಖುಷಿಪಟ್ಟಳು.

ಎರಡನೇ ಸುಗ್ಗಿ ಮುಗಿಯುವ ಹೊತ್ತಿಗೆ, ಊರೂರು ಸುತ್ತಿ ಬಹಳ ದಿನದ ಮೇಲೆ ಮಧ್ಯಾಹ್ನದ ಊಟಕ್ಕೆ ಹೋದಾಗ, ಖಾನಾವಳಿಯ ಮಾಲೀಕ ನನ್ನನ್ನು ಗಲ್ಲಾಪೆಟ್ಟಿಗೆಯ ಹತ್ತಿರ ಕರೆದ.

"ಏನ್ರೀ, ನಿಮ್ಮ ಅಕ್ಕಾರಿಗೆ ಆರಾಮ ಇಲ್ಲೇನು? ರೊಟ್ಟಿ ಒಂದು ಮಗ್ಗಲಾ ಕರ್ರಗ, ಒಂದು ಮಗ್ಗಲಾ ಹಸಿ. ಹೊಗಿ ವಾಸನಿ ಬರತೈತಿ. ಗಿರಾಕಿ ತಾಟಿನಾಗ ಬಿಟ್ಟ ಏಳಾಕತ್ತಾರ. ನಾ ಎಷ್ಟ ದಿನಾ ಅಂತ ಸುಮ್ನ ಇರ್ಲಿ?"

ಆ ಸಂಜೆಯೇ ಕುಪ್ಪೇಲೂರಿಗೆ ಹೋದೆ. ಅಡುಗೆಮನೆಯಲ್ಲಿ ಹೊಗೆ ತುಂಬಿ ಅಕ್ಕನ ಮುಖವೇ ಕಾಣುತ್ತಿರಲಿಲ್ಲ. ಒಲೆಯಲ್ಲಿ ಹಸಿ ಜಾಲಿ ಇತ್ತು, ತುದಿಯಲ್ಲಿ ನೊರೆ ಉಕ್ಕುತ್ತಿತ್ತು. ಅವಳು ಊದುಕೊಳವೆ ಕೆಳಗಿಟ್ಟು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಮೊಣಕೈ ತನಕ ಮುಳ್ಳು ಗೀರಿದ ಗೆರೆಗಳು.

"ಬೆಂಡು ಎಲ್ಲಿ ಅಕ್ಕಾ?"

"ಬಾ, ಕುಂಡ್ರು. ಚಾ ಮಾಡ್ತೇನಿ."

"ಬೆಂಡು ತರ್ಲಿಲ್ಲೇನು ಈ ಸಲ?"

"ಈ ಸಲ ಸಿಗ್ಲಿಲ್ಲ. ಸಿಕ್ಕರ ತರ್ತಿದ್ದೆ." ಅಷ್ಟು ಹೇಳಿ ಚಹಾದ ಡಬ್ಬಿ ಹುಡುಕಲು ಎದ್ದಳು.

ಹೊರಗೆ ಬಂದು ರಾಶಿ ಮಶೀನಿನ ಚಾಚಾನನ್ನು ಹಿಡಿದು ಕೇಳಿದೆ. ಆ ಭಾಗದ ಊರುಗಳಿಗೆಲ್ಲ ಮಶೀನು ತರುವವನು ಅವನೇ. ನನ್ನನ್ನು ಚಿಕ್ಕವನಿದ್ದಾಗಿನಿಂದ ನೋಡಿದವನು. ನನ್ನ ಮಾತು ಕೇಳಿ ಜೋರಾಗಿ ನಕ್ಕ.

"ಲೇ, ನೀನ ಬಂದ ಇದಕ್ಕ ಬೆಲಿ ಐತಿ ಅಂತ ಭಾಷಣಾ ಮಾಡಿದಿ. ಈಗ ಮಶೀನ್ ಬಂದ್ ಮಾಡೂದ್ರಾಗ ಟ್ರ್ಯಾಕ್ಟರ್ ಬಂದ ನಿಂತಿರತೈತಿ. ಹೆಣ್ಣಮಕ್ಕಳು ಕಸಬರಿಗಿ ಹಿಡಕೊಂಡ ಬಂದ್ರ, ನಾವ ಗುಡಸ್ಕೋತೇವಿ ಹೋಗ್ರಿ ಅಂತಾರ ರೈತರು. ಮೊದ್ಲ ರಾಶಿ ದಿನಾ ಬರ್ರಿ ಬರ್ರಿ ಅಂತ ಕರೀತಿದ್ರು. ಈಗ ಕಳ್ಳರ ಬಂದಂಗ ನೋಡ್ತಾರ."

"ಅಕ್ಕ ನನಗ ಹೇಳ್ಲೇ ಇಲ್ಲಲ್ಲ ಚಾಚಾ."

"ಯಾರ ಮುಂದ ಹೇಳ್ಬೇಕೋ? ತಗೊಂಡ ಹೋಗಾಂವನ ಮುಂದ?"

ಅವನು ನಗುತ್ತಲೇ ಹೇಳಿದ್ದ. ನನಗೆ ಮಾತ್ರ ಮರುದಿನ ಗೇಟಿನಲ್ಲಿ ನಿಂತು ಲೋಡು ಎಣಿಸಲು ಆಗಲಿಲ್ಲ. ಒಂದೊಂದು ಟ್ರ್ಯಾಕ್ಟರು ಬಂದಾಗಲೂ ಇದು ಯಾರ ಒಲೆಯದು ಅನ್ನಿಸುತ್ತಿತ್ತು. ಹಸಿ ಮರ ಇದೆಯೋ ಎಂದು ಕಬ್ಬಿಣದ ಸಲಾಕೆ ಚುಚ್ಚಿ ನೋಡುವುದು ನನ್ನ ಕೆಲಸವಾಗಿತ್ತು. ಕಂಪನಿಯ ಒಲೆಗೆ ಒಂದು ಹಸಿ ಟೊಂಗೆ ಹೋಗದಂತೆ ಕಾಯುತ್ತಿದ್ದವನ ಅಕ್ಕ ಹಸಿ ಟೊಂಗೆ ಕಡಿಯಲು ಹಳ್ಳಕ್ಕೆ ಹೋಗುತ್ತಿದ್ದಳು.

ಅದೇ ತಿಂಗಳು ಕಂಪನಿಗೆ ತಪಾಸಣೆಯವರು ಬರುವುದಿತ್ತು. ದುಡ್ಡು ಹಾಕಿದವರ ಪರವಾಗಿ ಬೆಂಗಳೂರಿನಿಂದ ಬರುವವರು. ನಾವು ಕೊಳ್ಳುವ ಮಾಲಿನಿಂದ ಊರಿನಲ್ಲಿ ಯಾರಿಗಾದರೂ ತೊಂದರೆ ಆಗಿದೆಯೇ ಎಂದು ಜನರನ್ನೇ ಕೂರಿಸಿ ಕೇಳುವ ಪದ್ಧತಿ ಅವರದು. ಮ್ಯಾನೇಜರು ನನ್ನನ್ನು ಕರೆದು, "ನಿಮ್ಮ ಅಕ್ಕನ ಊರಲ್ಲೇ ಇಡೋಣ. ನಿಮ್ಮ ಮಾತಿಗೆ ಜನ ಬರ್ತಾರೆ," ಅಂದರು. ನನಗೆ ಒಳಗೊಳಗೇ ಸಮಾಧಾನವಾಯಿತು. ಕೇಳುವವರೇ ಬಂದು ಕೇಳುತ್ತಾರೆ, ಅಕ್ಕ ಹೇಳುತ್ತಾಳೆ, ಮುಗಿಯಿತು ಅಂದುಕೊಂಡೆ.

ಹಿಂದಿನ ದಿನ ಹೋಗಿ ಅಕ್ಕನಿಗೆ ಹೇಳಿದೆ. "ನಾಳೆ ಕೇಳ್ತಾರ. ಇದ್ದದ್ದ ಇದ್ದಂಗ ಹೇಳ್ಬಿಡು. ಬೆಂಡು ಹೋಗಿ ನಮಗ ತ್ರಾಸ ಆಗೇತಿ ಅಂತ."

ಅವಳು ಹಿಟ್ಟು ನಾದುತ್ತಿದ್ದಳು. ಕೈ ನಿಲ್ಲಿಸಿದಳು.

"ಹೇಳಿದ್ರ ನಿನ್ನ ನೌಕರಿಗೆ ಏನೂ ಆಗೂದಿಲ್ಲಲ್ಲ?"

ನಾನು ತಕ್ಷಣ ಉತ್ತರ ಕೊಡಬೇಕಿತ್ತು. ಕೊಡಲಿಲ್ಲ. ಹತ್ತನೇ ಪಾಸಾದವನಿಗೆ ಕುರ್ಚಿ ಕೊಟ್ಟ ಕಂಪನಿ ಅದು. ಮನೆ ಬಾಡಿಗೆ, ಹೆಂಡತಿ, ಸಾಲೆಗೆ ಹೋಗುವ ಮಗಳು, ಎಲ್ಲ ಒಟ್ಟಿಗೇ ಕಣ್ಣ ಮುಂದೆ ಬಂದವು. ಆಮೇಲೆ, "ಏನೂ ಆಗೂದಿಲ್ಲ ಬಿಡು," ಅಂದೆ.

ಅಕ್ಕ ನನ್ನ ಮುಖ ನೋಡಿದಳು. "ಆತು," ಅಂದು ಮತ್ತೆ ಹಿಟ್ಟಿಗೆ ಕೈ ಹಾಕಿದಳು.

ಸಭೆ ಗುಡಿಯ ಮುಂದಿನ ಕಟ್ಟೆಯ ಮೇಲೆ ನಡೆಯಿತು. ರೈತರು ಒಂದು ಕಡೆ ಕೂತರು, ಹೆಣ್ಣುಮಕ್ಕಳು ಒಂದು ಕಡೆ. ತಪಾಸಣೆಗೆ ಬಂದವರು ಒಬ್ಬ ಹೆಣ್ಣುಮಗಳು. ಕನ್ನಡ ಚೆನ್ನಾಗಿ ಬರುತ್ತಿತ್ತು, ನೆಲದ ಮೇಲೇ ಕೂತರು. ಮೈಕು ಹಿಡಿದು ಒಬ್ಬೊಬ್ಬರ ಹತ್ತಿರ ಹೋಗುವ ಕೆಲಸ ನನ್ನದು. ರೈತರು ದರ ಏರಿಸಿರಿ ಅಂದರು. ಆಮೇಲೆ ಆಕೆ ಹೆಣ್ಣುಮಕ್ಕಳ ಕಡೆ ತಿರುಗಿ, "ಬೆಂಡು ಮೊದಲು ನೀವು ಯಾರಾದ್ರೂ ಬಳಸ್ತಿದ್ರಾ?" ಅಂತ ಕೇಳಿದರು.

ಎಲ್ಲರೂ ಅಕ್ಕನ ಕಡೆ ನೋಡಿದರು. ರೊಟ್ಟಿ ಬಡಿದು ಬದುಕುವವಳು ಅವಳೊಬ್ಬಳೇ, ಎಲ್ಲರಿಗಿಂತ ಹೆಚ್ಚು ಕಳೆದುಕೊಂಡವಳೂ ಅವಳೇ. ನಾನು ಮೈಕು ಅವಳ ಮುಂದೆ ಹಿಡಿದೆ. ಅವಳು ಸೆರಗು ಎಳೆದು ಎರಡೂ ಕೈ ಮುಚ್ಚಿಕೊಂಡಳು.

"ನಮಗೇನೂ ತ್ರಾಸ ಇಲ್ರೀ ಬಾಯಾರ. ಅದ ಸುಡೂ ಕಸ. ಅದನ್ನ ತಗೊಂಡ ನಾವೇನ ಮಾಡೂದೈತ್ರಿ."

"ಮತ್ತೆ ಅಡುಗೆ ಯಾವುದರ ಮೇಲೆ ಮಾಡ್ತೀರಿ?"

"ಗ್ಯಾಸ್ ಐತ್ರಿ," ಅಂದಳು ಅಕ್ಕ. "ನನ್ನ ತಮ್ಮ ಕೊಡಿಸ್ಯಾನ್ರಿ."

ಕೈಯಲ್ಲಿ ಮೈಕು ಇತ್ತು. ಅದನ್ನು ನನ್ನ ಬಾಯಿಯ ಹತ್ತಿರ ತರಲು ಒಂದು ಗೇಣು ಸಾಕಿತ್ತು. ಅವಳ ಪಕ್ಕದವಳ ಮುಂದೆ ಹಿಡಿದೆ. ಪಕ್ಕದವಳು ಅಕ್ಕನ ಮುಖ, ನನ್ನ ಮುಖ ನೋಡಿ, "ನಮಗೂ ಏನಿಲ್ರಿ," ಅಂದಳು. ಅಲ್ಲಿಂದ ಮುಂದೆ ಎಲ್ಲರೂ ಅದನ್ನೇ ಹೇಳಿದರು. ಸಭೆ ಮುಗಿದು ಏಳುವಾಗ ಹಿಂದಿನಿಂದ ಒಬ್ಬಾಕೆ ಅಂದದ್ದು ನನಗೂ ಕೇಳಿಸಿತು: "ಯವ್ವಾ, ಇವತ್ತ ಸಂಜಿಕೆ ನಿನ್ನ ಗ್ಯಾಸ್ ನೋಡಾಕ ಬರ್ತೇವಿ. ಬಾಯಿ ಸಿಹಿ ಮಾಡಾಕ ಪೇಡೆ ತಂದಿಡು."

ತಪಾಸಣೆಯವರನ್ನೂ ನಮ್ಮಿಬ್ಬರನ್ನೂ ಹೊತ್ತ ಜೀಪು ಊರು ದಾಟಿತು. ಮ್ಯಾನೇಜರು ಹಿಂದೆ ತಿರುಗಿ, "ನಿಮ್ಮ ಅಕ್ಕ ಚೆನ್ನಾಗಿ ಮಾತಾಡಿದ್ರು ಕಣ್ರೀ," ಅಂದರು. ಆ ಹೊಗಳಿಕೆ ನನ್ನಿಂದ ತಡೆದುಕೊಳ್ಳಲು ಆಗಲಿಲ್ಲ.

"ಸರ, ನನ್ನ ಅಕ್ಕನ ಮನ್ಯಾಗ ಗ್ಯಾಸ್ ಇಲ್ರಿ," ಅಂದುಬಿಟ್ಟೆ. ಕಣ, ಕಸಬರಿಗೆ, ಜಾಲಿ ಎಲ್ಲ ಹೇಳಿದೆ. ತಪಾಸಣೆಯವರು ಡ್ರೈವರಿಗೆ ಗಾಡಿ ತಿರುಗಿಸಲು ಹೇಳಿದರು. ನಾನು ಅದನ್ನು ನೆನೆಸಿರಲಿಲ್ಲ. ಸತ್ಯ ಹೇಳಿ ಹಗುರಾಗುವುದಷ್ಟೇ ನನ್ನ ತಲೆಯಲ್ಲಿತ್ತು. ಅದರ ಭಾರ ಯಾರ ಮೇಲೆ ಬೀಳುತ್ತದೆ ಎಂದು ಯೋಚಿಸಿರಲಿಲ್ಲ.

ಅಕ್ಕ ಒಲೆಯ ಮುಂದೆ ಕೂತಿದ್ದಳು. ಬಾಗಿಲಲ್ಲಿ ಬೆಂಗಳೂರಿನ ಬಾಯಾರು, ಮ್ಯಾನೇಜರು, ಅವರ ಹಿಂದೆ ನಾನು. ನಮ್ಮ ಹಿಂದೆ ಜೀಪು ತಿರುಗಿದ್ದು ನೋಡಿ ಓಡಿಬಂದ ಅರ್ಧ ಓಣಿ. ಹಸಿ ಜಾಲಿ ಚಟಪಟ ಅನ್ನುತ್ತಿತ್ತು. ಅಕ್ಕ ಎದ್ದು ನಿಂತು, ಮೊದಲು ನನ್ನನ್ನು ನೋಡಿದಳು. ಆಮೇಲೆ ಅವರಿಗೆ ಹೇಳಿದಳು:

"ಗ್ಯಾಸ್ ಇವತ್ತ ತೀರೈತ್ರಿ."

ಹಿಂದಿದ್ದ ಹೆಂಗಸರು ಕಿಸಕ್ಕನೆ ನಕ್ಕರು. ತಪಾಸಣೆಯವರು ನಗಲಿಲ್ಲ. ಒಳಗೆ ಹೋಗಿ ಅವಳ ಕೈ ಹಿಡಿದು ಗೀರುಗಳನ್ನು ನೋಡಿದರು. ಅಕ್ಕ ಮೆಲ್ಲಗೆ ಕೈ ಬಿಡಿಸಿಕೊಂಡಳು.

ಮುಂದಿನದೆಲ್ಲ ಒಳ್ಳೆಯದೇ ಆಯಿತು ಎಂದು ಕಂಪನಿಯಲ್ಲಿ ಹೇಳುತ್ತಾರೆ. ಸುಳ್ಳಲ್ಲ. ಮರು ಸುಗ್ಗಿಗೆ ಹೊಸ ನಿಯಮ ಬಂತು. ಕಣ ಗುಡಿಸುವವರ ಪಾಲು ಬಿಟ್ಟು ಉಳಿದ ಬೆಂಡನ್ನು ಮಾತ್ರ ಕೊಳ್ಳಬೇಕು, ಗುಡಿಸುವವರನ್ನು ಓಡಿಸಿದ ಕಣದಿಂದ ಲೋಡು ತೆಗೆದುಕೊಳ್ಳಬಾರದು. ಫಲಕದಲ್ಲಿ ಅದನ್ನೂ ಬರೆಸಿದರು. ನನ್ನ ನೌಕರಿ ಹೋಗಲಿಲ್ಲ. ಮ್ಯಾನೇಜರು ನಾಲ್ಕು ಜನರ ಮುಂದೆ ನನ್ನ ಹೆಸರು ಹೇಳಿ, ಊರಿನ ಕಷ್ಟ ತಿಳಿದ ಮನುಷ್ಯ ಅಂದರು. ಕಣಗಳಲ್ಲಿ ಹೆಂಗಸರು ಮತ್ತೆ ಬುಟ್ಟಿ ತುಂಬಿಕೊಂಡು ಹೋಗುವುದನ್ನು ನೋಡಿದೆ. ಅವರಲ್ಲಿ ಅಕ್ಕ ಇರಲಿಲ್ಲ.

ಅಷ್ಟರಲ್ಲಿ ಖಾನಾವಳಿಯವನು ತನ್ನ ಅಡುಗೆಮನೆಯಲ್ಲೇ ದೊಡ್ಡ ಗ್ಯಾಸಿನ ಒಲೆ ಹಾಕಿಸಿ, ಹೊರಗಿನ ರೊಟ್ಟಿ ನಿಲ್ಲಿಸಿದ್ದ. ಬೇಕಾದರೆ ಇಲ್ಲಿಗೇ ಬಂದು ಬಡಿಯಿರಿ ಅಂತ ಅಕ್ಕನಿಗೆ ಹೇಳಿಕಳಿಸಿದ್ದ. ಅವಳು ಒಪ್ಪಿಕೊಂಡಿದ್ದಳು. ಬೆಂಡು ವಾಪಸ್ ಬಂದರೂ ಆ ಒಲೆಯ ರೊಟ್ಟಿಗೆ ಗಿರಾಕಿ ಇರಲಿಲ್ಲ. ನಾನು ಹೋಗಿ ಅವಳ ರೊಟ್ಟಿಗೆ ಬೇರೆ ಖಾನಾವಳಿ ಹುಡುಕುತ್ತೇನೆ ಅಂದೆ.

"ಬ್ಯಾಡ," ಅಂದಳು. "ನೀ ಇನ್ನ ನನ್ನ ಸಲುವಾಗಿ ಯಾರ ಮುಂದೂ ಏನೂ ಹೇಳಬ್ಯಾಡ. ನಿನ್ನ ಸಲುವಾಗಿ ನಾ ಒಂದ ಸುಳ್ಳ ಹೇಳಿದ್ದೆ. ಅದನ್ನ ಓಣಿಗೆಲ್ಲಾ ತೋರ್ಸಿದಿ. ಇನ್ನೂ ಗ್ಯಾಸಿನಕ್ಕಾ ಅಂತ ಕರೀತಾರ ನನ್ನ."

ಹೇಳದೆ ಸುಮ್ಮನಿದ್ದಾಗಲೂ ಅವಳದೇ ಹೋಯಿತು. ಹೇಳಿದಾಗಲೂ ಅವಳದೇ ಹೋಯಿತು. ನನ್ನದು ಮಾತ್ರ ಎರಡೂ ಸಲ ಉಳಿಯಿತು.

ಅವಳು ಬೆಳಗಿನ ಬಸ್ಸಿಗೆ ಬಂದು, ಇನ್ನೊಬ್ಬರ ಅಡುಗೆಮನೆಯಲ್ಲಿ ನಿಂತು ರೊಟ್ಟಿ ಬಡಿಯತೊಡಗಿದ ಮೇಲೆ ನನಗೆ ಆ ಖಾನಾವಳಿಗೆ ಹೋಗಲು ಕಾಲು ಬರಲಿಲ್ಲ. ಮನೆಯಿಂದ ಡಬ್ಬಿ ಒಯ್ಯತೊಡಗಿದೆ. ಹೆಂಡತಿ ಊರಿಗೆ ಹೋದ ದಿನಗಳಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿ ಮಂಡಕ್ಕಿ ತಿಂದು ಮುಗಿಸುತ್ತಿದ್ದೆ. ಒಂದು ದಿನ ರಾಶಿ ಮಶೀನಿನ ಚಾಚಾ ಗೇಟಿನಲ್ಲಿ ಸಿಕ್ಕು, "ನಿಮ್ಮ ಅಕ್ಕ ಕೇಳಾಕತ್ತಾಳಪಾ, ತಮ್ಮ ಎಲ್ಲಿ ಉಣ್ಣಾಕತ್ತಾನ ಅಂತ. ಅಷ್ಟ ದೊಡ್ಡ ಸಾಹೇಬ ಆದ್ಯೇನು?" ಅಂದ.

ಮಧ್ಯಾಹ್ನ ಹೋಗಿ ಕೂತೆ. ಗಿರಾಕಿ ಕಡಿಮೆ ಆದ ಮೇಲೆ ಅಕ್ಕ ತಾನೇ ಹೊರಗೆ ಬಂದು ತಾಟಿಗೆ ಬಿಸಿ ರೊಟ್ಟಿ ಹಾಕಿದಳು. ಸೆರಗಿಗೆ ಹಿಟ್ಟು ಹತ್ತಿತ್ತು. ತಲೆ ಎತ್ತಿ ನೋಡಲು ನನಗೆ ಧೈರ್ಯವಾಗಲಿಲ್ಲ.

"ನೌಕರಿ ಗಟ್ಟಿ ಐತಿಲ್ಲೋ ತಮ್ಮಾ?" ಅಂತ ಕೇಳಿದಳು.

"ಐತಿ ಅಕ್ಕಾ."

"ಮತ್ತ್ಯಾಕ ಮಾರಿ ಸಣ್ಣ ಮಾಡೀದಿ? ಉಣ್ಣು," ಅಂದಳು. ಒಳಗಿನಿಂದ ಮಾಲೀಕ ಕರೆದ. ಅವಳು "ಬಂದ್ನಿರೀ" ಅನ್ನುತ್ತ ಲಗುಬಗೆಯಿಂದ ಹೋದಳು.